ಪೂಜೆಗೆ ಕೂತ ಗಂಟೆ

ಮೇಜಿನ ಮೇಲೆ ಗಂಟೆ ಇರಲಿಲ್ಲ. ಓಬಳೇಶನ ಬಲಗೈ ರೂಢಿಯಂತೆ ಅದಿರುತ್ತಿದ್ದ ಜಾಗಕ್ಕೆ ಹೋಗಿ, ಹಸಿರು ಬಟ್ಟೆಯ ಮೇಲಿನ ದುಂಡು ಗುರುತನ್ನು ಒತ್ತಿ, ಏನೂ ಸದ್ದಾಗದೆ ಹಿಂದಕ್ಕೆ ಬಂತು. ಉಳಿದ ಬಟ್ಟೆಯೆಲ್ಲ ಕಿಟಕಿಯ ಬಿಸಿಲಿಗೆ ಬಣ್ಣಗೆಟ್ಟಿತ್ತು. ಗಂಟೆಯ ಅಡಿಯಲ್ಲಿದ್ದಷ್ಟು ಮಾತ್ರ ಅಂಗಡಿಯಿಂದ ತಂದ ದಿನದ ಹಾಗೆ ಹಸಿರಾಗಿತ್ತು. ಹೊರಗೆ ಅಂಗಳದಲ್ಲಿ ಡ್ರೈವರ್ ಹೊನ್ನೂರಸಾಬ ಜೀಪಿಗೆ ಬಕೆಟ್ಟಿನಿಂದ ನೀರು ಎರಚುತ್ತಿದ್ದ. ಹಾಲಿನಲ್ಲಿ ಬಾಳೆಕಂಬ ಕಟ್ಟುವವರ ಗದ್ದಲ. ಆಯುಧಪೂಜೆಗೆ ರಜೆಯಿದ್ದರೂ ಹರಪನಹಳ್ಳಿಯ ಆ ನೀರಾವರಿ ಉಪವಿಭಾಗದ ಕಚೇರಿಗೆ ಎಲ್ಲರೂ ಬೆಳಿಗ್ಗೆಯೇ ಬಂದಿದ್ದರು. ಓಬಳೇಶ ಅಲ್ಲಿಗೆ ಸಾಹೇಬ. ಅವನಿಗೆ ಬಾಯಾರಿಕೆಯಾಗಿತ್ತು. ಗಂಟೆ ಇದ್ದಿದ್ದರೆ ಒಂದು ಸಲ ಒತ್ತಿದರೆ ಸಾಕು, ಅರ್ಧಬಾಗಿಲಿನ ಆಚೆ ಸಡಿಲ ಕಾಲಿನ ಬೆಂಚು ಕಿರ್ ಎನ್ನುತ್ತಿತ್ತು, ಜವಾನ ದುರುಗಪ್ಪ ನೀರಿನ ಲೋಟ ಹಿಡಿದು ಒಳಗೆ ಬರುತ್ತಿದ್ದ, ಇಟ್ಟು ಹೋಗುತ್ತಿದ್ದ, ಬೆಂಚು ಮತ್ತೆ ಕಿರ್ ಎನ್ನುತ್ತಿತ್ತು. ಗಂಟೆಯಿಲ್ಲ ಅಂದಮೇಲೆ ಕೂಗಬೇಕು. ಏನಂತ ಕೂಗುವುದು? ಬಂದು ಇಷ್ಟು ತಿಂಗಳಾದರೂ ಅವನು ದುರುಗಪ್ಪನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ತಾಯಿಯ ಒಡಹುಟ್ಟಿದವನನ್ನು ಹೆಸರು ಹಿಡಿದು ಕರೆಯುವುದು ಅವರ ಮನೆತನದಲ್ಲಿ ಯಾರ ನಾಲಿಗೆಗೂ ಬರುವ ಮಾತಲ್ಲ.

ದುರುಗಪ್ಪ ಅವನ ಸೋದರಮಾವ ಎನ್ನುವುದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವರ್ಗದ ಆದೇಶ ಕೈಗೆ ಬಂದ ದಿನ, ಮಾವ ಹಡಗಲಿಯಿಂದ ಹರಪನಹಳ್ಳಿಗೆ ಬಂದು ಇದೇ ಕಚೇರಿಯಲ್ಲಿದ್ದಾನೆಂದು ನೆನಪಾಗಿ ಓಬಳೇಶನಿಗೆ ಖುಷಿಯೇ ಆಗಿತ್ತು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿ ಅದನ್ನು ಹೇಗೆ ಮಾಡುವುದೆಂದು ಮತ್ತೆ ಮತ್ತೆ ಯೋಚಿಸಿದ್ದ: ಎಲ್ಲರೂ ಮಾಲೆ ಹಿಡಿದು ನಿಂತಿರುತ್ತಾರೆ, ತಾನು ಅವರನ್ನೆಲ್ಲ ದಾಟಿ ಹೋಗಿ ಕೊನೆಯಲ್ಲಿ ನಿಂತ ಮಾವನ ಕಾಲಿಗೆ ಬೀಳುತ್ತಾನೆ, ಸುತ್ತ ಮೌನ. ಆ ಮೌನವನ್ನು ಅವನು ಬಸ್ಸಿನಲ್ಲೇ ಸವಿದುಬಿಟ್ಟಿದ್ದ. ಆದರೆ ನಡೆದದ್ದೇ ಬೇರೆ. ಅವನು ಹೊಸ ಕುರ್ಚಿಯಲ್ಲಿ ಕೂತು, ಹೆಡ್ ಕ್ಲಾರ್ಕು ತೋರಿಸಿದ ಕಡೆ ರುಜು ಹಾಕುತ್ತಿರುವಾಗ ಅರ್ಧಬಾಗಿಲು ತೆರೆಯಿತು. ಖಾಕಿ ಅಂಗಿಯ ಮಾವ ತಟ್ಟೆಯಲ್ಲಿ ಲೋಟವಿಟ್ಟುಕೊಂಡು ಬಂದು, "ನೀರು ತಗೋರಿ ಸಾರ್" ಅಂದ. ಓಬಳೇಶ ಏಳಬೇಕೆಂದು ಕುರ್ಚಿಯ ಕೈಗಳನ್ನು ಹಿಡಿದ. ಮಾವನ ಕಣ್ಣು ತನ್ನನ್ನೇ ನೋಡುತ್ತಿತ್ತು. ಕೂತಿರು ಎನ್ನುವ ಕಣ್ಣು. ಅವನು ಕೂತ. ಆಗ ಮೊಣಕಾಲಿನಿಂದ ಕೆಳಕ್ಕೆ ಇಳಿದ ನಿರಾಳವನ್ನು ಮಾತ್ರ ಅವನಿಗೆ ಇವತ್ತಿಗೂ ಮರೆಯಲಾಗಿಲ್ಲ. ಆಮೇಲಿನ ದಿನಗಳಲ್ಲಿ ಗಂಟೆ ಎಲ್ಲವನ್ನೂ ಸಲೀಸು ಮಾಡಿತು. ಗಂಟೆಗೆ ಸಂಬಂಧವಿಲ್ಲ, ಅದು ಮಾವ ಅನ್ನುವುದಿಲ್ಲ, ದುರುಗಪ್ಪ ಅನ್ನುವುದಿಲ್ಲ, ಟಣ್ ಅನ್ನುತ್ತದೆ.

"ಗಂಟಿ ಹುಡುಕಾಕತ್ತೀರೇನ್ರಿ?" ಹೆಡ್ ಕ್ಲಾರ್ಕ್ ವೀರಭದ್ರಯ್ಯ ಒಳಗೆ ಬಂದ. ಹಣೆ ತುಂಬ ವಿಭೂತಿ, ಕೈಯಲ್ಲಿ ಮನೆಯಿಂದ ತಂದ ತಾಮ್ರದ ತಂಬಿಗೆ. ಕಚೇರಿಯ ನೀರು ಅವನು ಕುಡಿಯುತ್ತಿರಲಿಲ್ಲ. ಕೇಳಿದವರಿಗೆ ಉಷ್ಣದ ಮೈ ಎನ್ನುತ್ತಿದ್ದ. "ನಿನ್ನಿ ಸಂಜಿನ ದುರುಗಪ್ಪ ಒಯ್ದಾನ್ರಿ. ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬಂಗಾರ ಮಾಡ್ಯಾನ. ಈ ವರ್ಷ ಅವನ ಆಯುಧ ಅದ ಅಂತ."

"ಗಂಟೆಯೇ?"

"ಅದನ್ನ ನಾನೂ ಕೇಳಿದೆ. ಹೋದ ವರ್ಷ ಕಸಬರಿಗಿ ಇಟ್ಟಿದ್ದ, ಈ ಸಲ ಬ್ಯಾಡ ಅಂದ." ವೀರಭದ್ರಯ್ಯ ನಕ್ಕ. "ಗುರುಬಸಮ್ಮ ಸುಮ್ಮನ ಇರಬೇಕಲ್ರಿ. ಲೋ ದುರುಗಪ್ಪ, ಅದು ಸಾಹೇಬರ ಸಾಮಾನಲ್ಲೇನು, ಒತ್ತೋರು ಅವರು, ಅಂದ್ಲು. ಅದಕ್ಕ ಅವನು, ಒತ್ತೋರು ಅವರು ಅವ್ವಾ, ಏಳೋನು ನಾನು, ಯಾರ ಸಾಮಾನು ನೀವ ಹೇಳ್ರಿ ಅಂದ. ಬಾಯಿ ಕಟ್ಟಿತು ನೋಡ್ರಿ ಆಕೀದು. ಟೈಪಿಂಗು ಮಾಡೋಕಿ, ಮಾತಿನ್ಯಾಗ ಸೋತಾಕಿ ಅಲ್ಲ."

ಓಬಳೇಶ ನಗಲು ನೋಡಿದ. ಚಿಕ್ಕಂದಿನದು ಕಣ್ಣಿಗೆ ಬಂತು: ಹಡಗಲಿಯ ಕಚೇರಿಯ ಹಿಂದಿನ ಪಡಸಾಲೆ, ಆಚೆ ಮನೆಯ ಹಿತ್ತಿಲಿನಿಂದ ಬರುವ ಮಲ್ಲಿಗೆಯ ವಾಸನೆ, ಒಂದು ಬದಿ ಟೈಪಾದ ರದ್ದಿ ಹಾಳೆಗಳ ಹಿಂದೆ ತಾನು ಮಾಡುತ್ತಿದ್ದ ಭಾಗಾಕಾರ. ಮಾವ ರೊಟ್ಟಿ ಮುರಿದು ಬಾಯಿಗೆ ಇಡಬೇಕು, ಒಳಗೆ ಟಣ್ ಅನ್ನುತ್ತದೆ, ತುತ್ತನ್ನು ಹಾಗೆಯೇ ತಾಟಿಗೆ ಬಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಎದ್ದೋಡುತ್ತಾನೆ. ಅದು ನಿನ್ನ ಗಂಟಿಯೇನು ಮಾವಾ ಎಂದು ಕೇಳಿದ್ದ ಒಮ್ಮೆ. ಹೂಂ ಮತ್ತ, ನಂದ ಅದು, ಅಂದಿದ್ದ ಮಾವ.

"ಪೂಜಿಗೆ ಕುಂತಿದ್ದನ್ನ ನಾಳೆ ಬನ್ನಿ ಮುಡಿಯೋತನಕ ಯಾರೂ ಮುಟ್ಟಂಗಿಲ್ರಿ," ಎಂದ ವೀರಭದ್ರಯ್ಯ. "ಏನರ ಬೇಕಾದ್ರ ಕೂಗಿಬಿಡ್ರಿ. ಅವರಪ್ಪ ಹೆಸರಿಟ್ಟಾನಲ್ಲ." ಹೋಗಲೆಂದು ತಿರುಗಿದವನು ನಿಂತ. "ಪೂಜಿ ಆದ ಮ್ಯಾಲೆ ನಾ ಒಬ್ಬೊಬ್ಬರನ್ನ ಹುದ್ದೆ ಹೇಳಿ ಕರಿತೀನ್ರಿ. ಇಂಥಾ ಹುದ್ದೆ, ಇಂಥೋರು ಅಂತ. ತಾವು ಒಂದು ಟವಲು, ಅರ್ಧ ಕಾಯಿ ಕೊಡೋದು. ವರ್ಷಕ್ಕೊಂದಿನ ಎಲ್ಲರ ಕೆಲಸಕ್ಕೂ ಮರ್ಯಾದಿ. ಅವರು ತಮ್ಮ ಕಾಲು ಮುಟ್ಟಿ ತಗೋತಾರ."

"ಕಾಲು ಯಾಕ್ರಿ?"

"ತಮ್ಮ ಕಾಲಲ್ರಿ. ಕುರ್ಚಿ ಕಾಲು ಅಂತ ತಿಳೀರಿ."

"ಈ ವರ್ಷ ಅದೊಂದು ಬೇಡ."

ವೀರಭದ್ರಯ್ಯ ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ಹಿಂದ ಇದ್ದೋರೆಲ್ಲ ಬೀಳಿಸ್ಕೊಂಡಾರ ಸಾರ್. ತಾವು ಬಂದ ವರ್ಷನ ಅದನ್ನ ನಿಲ್ಲಿಸಿದ್ರ, ಮಂದಿ ಬಾಯಿ ಗೊತ್ತಲ್ರಿ ತಮಗ. ಸಾಹೇಬರಿಗೇ ಸಂಕೋಚ ಬಂತು, ಇಂಥೋರ ಕೈ ನಮ್ಮ ಕಾಲಿಗೆ ಹೆಂಗ ಅಂತ ಹೆದರಿದ್ರು ಅಂತಾರ. ತಾವ ತಮ್ಮನ್ನ ಕೆಳಗ ಇಳಿಸ್ಕೊಂಡಂಗ ಆಕ್ಕೈತಿ." ಧ್ವನಿಯಲ್ಲಿ ಕಾಳಜಿ ಬಿಟ್ಟು ಬೇರೇನೂ ಇರಲಿಲ್ಲ. "ನಾನು ಅಯ್ಯಾರು, ಪೂಜಿ ಮಾಡೋ ಮಂದಿ, ನನಗೊಬ್ಬಗ ಮಾಫಿ ಐತಿ. ಉಳಿದೋರು ಬೀಳಲಿ ಬಿಡ್ರಿ."

ಬೀಳಲಿ. ಓಬಳೇಶ ತಲೆಯಾಡಿಸಿದ್ದ. ವೀರಭದ್ರಯ್ಯ ಹೋದಮೇಲೆ ಆ ಮಾತನ್ನು ತನ್ನೊಳಗೆ ಹೊರಳಿಸಿ ನೋಡಿದ. ಸಿಟ್ಟಿನಿಂದ ಒಪ್ಪಿದೆ ಎಂದು ಹೇಳಿಕೊಳ್ಳಬಹುದಿತ್ತು, ಸಿಟ್ಟೂ ಇತ್ತು. ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೊಂದು ಇತ್ತು, ಅದು ಹೊಟ್ಟೆಯಲ್ಲಿ ಬೆಚ್ಚಗೆ ಸುರುಳಿ ಸುತ್ತಿಕೊಂಡು ಮಲಗಿತ್ತು. ವರ್ಕ್ ಇನ್‌ಸ್ಪೆಕ್ಟರ್ ಶಿವಯೋಗಪ್ಪ, ಊರಲ್ಲಿ ಗೌಡಿಕೆಯ ಮನೆಯವನು, ನಡುಬಗ್ಗಿಸಿ ತನ್ನ ಕಾಲು ಮುಟ್ಟುವುದನ್ನು ನೋಡಬೇಕು ಎನ್ನುವ ಆಸೆ. ಹಾಸ್ಟೆಲ್ಲಿನ ಹುಡುಗನಾಗಿದ್ದಾಗ ಮದುವೆಮನೆಗಳ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ ಎಲ್ಲ ಕೈಗಳೂ ಒಂದೊಂದಾಗಿ ಬಂದು ತನ್ನ ಪಾದ ಮುಟ್ಟಿದ ಹಾಗೆ. ಹುದ್ದೆಗಳ ಆ ಸಾಲಿನ ತುದಿಗೆ ಜವಾನನದೂ ಒಂದು ಹುದ್ದೆ ಇದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅಲ್ಲಿಗೆ ಬಂದಾಗ ಏನಾದರೂ ಹೊಳೆಯುತ್ತದೆ ಎಂದುಕೊಂಡ. ಚಿಗಟೇರಿಯಿಂದ ಅವ್ವ ಹೋದ ವಾರ ಯಾರ ಕೈಯಲ್ಲೋ ಹೇಳಿ ಕಳಿಸಿದ್ದಳು: ಹಬ್ಬಕ್ಕ ನನ್ನ ಹೆಸರಲೆ ಮಾವಗ ಬನ್ನಿ ಕೊಡು, ಕಾಲಿಗೆ ಬೀಳು, ಅವನ ಕಣ್ಣ ಮುಂದ ನೀ ಅದಿ ಅಂತ ನನಗ ಚಿಂತಿಲ್ಲ. ನೀರು ಇನ್ನೂ ಬಂದಿರಲಿಲ್ಲ. ಎದ್ದು ಹೋಗಿ ಅರ್ಧಬಾಗಿಲು ತಳ್ಳಿದ. ಬೆಂಚಿನ ಮೇಲೆ ಮಾವಿನೆಲೆ ಪೋಣಿಸುತ್ತಿದ್ದ ಮಾವ ದಡಬಡಿಸಿ ಎದ್ದ, ಎಲೆಗಳು ಕೆಳಗೆ ಚೆಲ್ಲಿದವು. "ಏನು ಸಾರ್?" ಅಂದ. ಓಬಳೇಶ "ಏನಿಲ್ಲ" ಅಂದು ಬಾಗಿಲು ಬಿಟ್ಟ. ಬಾಗಿಲು ಅವರಿಬ್ಬರ ನಡುವೆ ಸ್ವಲ್ಪ ಹೊತ್ತು ಹಿಂದೆ ಮುಂದೆ ಆಡಿ ನಿಂತಿತು.

ಹಾಲಿನ ಉದ್ದನೆಯ ಮೇಜಿಗೆ ಕೆಂಪು ಬಟ್ಟೆ ಹಾಸಿ, ದೇವಿಯ ಫೋಟೋದ ಮುಂದೆ ಎಲ್ಲರ ಸಾಮಾನನ್ನೂ ಸಾಲಾಗಿ ಇಟ್ಟಿದ್ದರು. ಗುರುಬಸಮ್ಮನ ಟೈಪ್‌ರೈಟರಿಗೆ ಚೆಂಡುಹೂವಿನ ಸರ, ಶಿವಯೋಗಪ್ಪನ ಅಳತೆಯ ಸರಪಳಿ ಹಾವಿನಂತೆ ಸುತ್ತಿ ಕೂತಿತ್ತು, ಹೊನ್ನೂರಸಾಬನ ಪಾನಾಗಳು, ಕಾವಲುಗಾರನ ಕಂದೀಲು. ಎಲ್ಲಕ್ಕಿಂತ ಕೊನೆಗೆ, ತುದಿಯಲ್ಲಿ, ಗಂಟೆ. ಅದು ಹಿತ್ತಾಳೆಯದೆಂದು ಓಬಳೇಶನಿಗೆ ಆವತ್ತೇ ಗೊತ್ತಾದದ್ದು. ದಿನವೂ ತನ್ನ ಅಂಗೈ ಕಂಡ ಆ ಮಂಕು ಗುಂಡಿಯ ಮೇಲೆ ಈಗ ಕುಂಕುಮದ ಬೊಟ್ಟು, ಸುತ್ತ ಮಲ್ಲಿಗೆಯ ಒಂದೆಳೆ. ಎಲ್ಲರೂ ಬರಿಗಾಲಲ್ಲಿದ್ದರು. ಬೂಟು ಬಿಚ್ಚಿ ನಿಂತ ಓಬಳೇಶ ತನ್ನ ಕಾಲು ನೋಡಿಕೊಂಡ. ಹೆಬ್ಬೆರಳಿಗಿಂತ ಉದ್ದನೆಯ, ತುದಿಯಲ್ಲಿ ಒಳಕ್ಕೆ ಬಾಗಿದ ಎರಡನೆಯ ಬೆರಳು ಅವ್ವನದು. ಗೋಡೆಗೆ ಒರಗಿ ನಿಂತ ಮಾವನ ಒಡೆದ ಪಾದದಲ್ಲೂ ಅದೇ ಬೆರಳು, ಅದೇ ಬಾಗು. ಯಾರಾದರೂ ಒಮ್ಮೆ ಇಲ್ಲಿಂದ ಅಲ್ಲಿಗೆ ಕಣ್ಣು ಹಾಯಿಸಿದರೆ ಸಾಕಿತ್ತು. ಅವನು ಬೆರಳುಗಳನ್ನು ಮಡಚಿ ನೆಲಕ್ಕೆ ಒತ್ತಿದ. ಮಂಗಳಾರತಿಯ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿತ್ತು.

"ಟೈಪಿಸ್ಟ್, ಗುರುಬಸಮ್ಮ," ವೀರಭದ್ರಯ್ಯ ಮದುವೆಯಲ್ಲಿ ಹೆಸರು ಕೂಗುವವನಂತೆ ರಾಗವಾಗಿ ಕರೆದ. ಆಕೆ ಬಾಗಿದಳು, ಬಳೆ ಸದ್ದಾಯಿತು, ಬೆರಳ ತುದಿ ತಾಕಿತು. ಕಾವಲುಗಾರ ಬಂದ. ಹೊನ್ನೂರಸಾಬ ಸಲಾಮು ಮಾಡಿ, ಆಮೇಲೆ ಬಾಗಿ ಮೊಣಕಾಲು ಮುಟ್ಟಿದ. "ವರ್ಕ್ ಇನ್‌ಸ್ಪೆಕ್ಟರ್, ಶಿವಯೋಗಪ್ಪ." ಶಿವಯೋಗಪ್ಪ ಚೆನ್ನಾಗಿಯೇ ಬಾಗಿದ, ದೂರದಿಂದ ನೋಡುವವರಿಗೆ ಕುಂದೇನೂ ಕಾಣದ ಹಾಗೆ. ಅವನ ಬೆರಳುಗಳು ಮಾತ್ರ ಪಾದಕ್ಕೆ ಸ್ವಲ್ಪ ಈಚೆಗೆ, ನೆಲದ ಮೇಲೆ ಇಳಿದು, ಅಲ್ಲಿಂದಲೇ ಎದ್ದು ಎದೆಗೆ ಹೋದವು. ಆ ಸಣ್ಣ ಜಾಗದಲ್ಲಿ ಸಿಮೆಂಟಿನ ನೆಲ ತಣ್ಣಗೆ ಮಿಂಚುತ್ತಿತ್ತು. ಶಿವಯೋಗಪ್ಪ ಎದ್ದು ಓಬಳೇಶನ ಕಣ್ಣಿಗೆ ಕಣ್ಣಿಟ್ಟು ನಕ್ಕು ಟವಲು ತೆಗೆದುಕೊಂಡ. ನೋಡಿದವರು ಯಾರು? ಯಾರೂ ಇಲ್ಲ. ಎಲ್ಲರೂ. ಅವನಿನ್ನೂ ಆ ಜಾಗವನ್ನೇ ನೋಡುತ್ತಿದ್ದಾಗ, "ಜವಾನ, ದುರುಗಪ್ಪ" ಎಂದದ್ದು ಕೇಳಿಸಿತು.

ಮಾವ ಅಂಗಿಯ ಗುಂಡಿಯನ್ನೆಲ್ಲ ಹಾಕಿಕೊಂಡಿದ್ದ, ಕುತ್ತಿಗೆಯ ತನಕ. ಬಂದು ಮುಂದೆ ನಿಂತ. ಓಬಳೇಶನ ಕೈಯಲ್ಲಿ ತಟ್ಟೆ ಇತ್ತು. ಕಾಯಿಯ ಹೋಳಿನಿಂದ ನೀರು ಟವಲಿಗೆ ಇಳಿಯುತ್ತಿತ್ತು. ಈಗ ಹೊಳೆಯಬೇಕು. ಏನೂ ಹೊಳೆಯಲಿಲ್ಲ. ಮಾವ ಬಾಗಿದ, ಎಲ್ಲರಂತೆ ಒಂದು ಕೈಯಲ್ಲಲ್ಲ, ಎರಡೂ ಕೈ ಚಾಚಿ, ಪೂರ್ತಿಯಾಗಿ. ಆ ಹಾಲಿನಲ್ಲಿ ಮನಸ್ಸಿಟ್ಟು ಮುಟ್ಟಲಿದ್ದವನು ಅವನೊಬ್ಬ. ನರೆತ ನೆತ್ತಿ ಕಂಡಿತು, ಕುತ್ತಿಗೆಯ ಹಿಂದಿನ ಸುಕ್ಕು ಕಂಡಿತು, ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಾಗ ತಾನು ಹಿಡಿದುಕೊಳ್ಳುತ್ತಿದ್ದ ಕಿವಿಗಳು ಕಂಡವು, ಮತ್ತು ಓಬಳೇಶನ ಕಾಲು ತಾನಾಗಿಯೇ ಹಿಂದೆ ಸರಿಯಿತು. ಒಂದಲ್ಲ, ಎರಡೂ. ಬೆಂಕಿ ಕಂಡವನಂತೆ ಹಿಂದೆ ಸರಿದು ಅವನು ಕುರ್ಚಿಗೆ ತಾಗಿದ, ಕುರ್ಚಿ ಸದ್ದು ಮಾಡಿತು. ಮಾವನ ಎರಡು ಅಂಗೈಗಳೂ ಬರಿನೆಲದ ಮೇಲೆ ಉಳಿದವು.

ಯಾರೂ ಮಾತಾಡಲಿಲ್ಲ. ಬಸ್ಸಿನಲ್ಲಿ ಓಬಳೇಶ ಸವಿದಿದ್ದ ಮೌನ ಇದೇ ಇರಬೇಕು. ಮಾವ ಎದ್ದು, ನೆಲ ಮುಟ್ಟಿದ ಕೈಗಳನ್ನೇ ಕಣ್ಣಿಗೆ ಒತ್ತಿಕೊಂಡು, ಟವಲನ್ನೂ ಕಾಯಿಯನ್ನೂ ತೆಗೆದುಕೊಂಡು, "ನಮಸ್ಕಾರ್ರಿ ಸಾರ್" ಅಂದು ಗೋಡೆಯ ಹತ್ತಿರ ಹೋಗಿ ನಿಂತ. ಹಿಂದಿನಿಂದ ಶಿವಯೋಗಪ್ಪನ ದನಿ, ಕೇಳಿಸಲೆಂದೇ ತಗ್ಗಿಸಿದ ದನಿ: "ನಮ್ಮನ್ನೆಲ್ಲ ಬೀಳಿಸ್ಕೊಂಡು ಅವನೊಬ್ಬ ಬ್ಯಾಡಾದ ನೋಡು. ಸಾಹೇಬರು ಮಡಿ ಆದ್ರು." ಯಾರೋ ಮೂಗಿನಲ್ಲಿ ನಕ್ಕರು. ವೀರಭದ್ರಯ್ಯ, "ಹಂಗೇನಿಲ್ರಿ, ಕಾಲು ಜಾರ್ತು ಅಷ್ಟ" ಎಂದು ತೇಪೆ ಹಚ್ಚಿದ. ಆ ತೇಪೆ ಇನ್ನಷ್ಟು ಎದ್ದು ಕಾಣಿಸಿತು. ಅಂಗಳದಲ್ಲಿ ಜೀಪಿನ ಮುಂದೆ ಕುಂಬಳಕಾಯಿ ಒಡೆದರು. ಕೆಂಪು ನೀರು ಗಾಲಿಯ ತನಕ ಹರಿಯಿತು. ಮಂಡಕ್ಕಿ ಹಂಚಿದರು. ಮಾವ ಎಲ್ಲರಿಗೂ ನೀರು ಕೊಟ್ಟುಕೊಂಡು ಓಡಾಡಿದ. ಓಬಳೇಶನ ಮುಂದೆಯೂ ಲೋಟ ಇಟ್ಟ. ಅವನು ಕುಡಿಯಲಿಲ್ಲ.

ಸಂಜೆ, ಕೆರೆಯ ಕಡೆಯಿಂದ ಗಾಳಿ ಬೀಸಲು ಶುರುವಾದಾಗ, ಓಬಳೇಶ ಕ್ವಾರ್ಟರ್ಸಿನಿಂದ ನಡೆದುಕೊಂಡು ಕಚೇರಿಗೆ ಬಂದ. ದೀಪ ಆರದಂತೆ ನೋಡಿಕೊಳ್ಳಲು ಪ್ರತಿ ವರ್ಷ ಜವಾನ ಉಳಿಯುವುದು ರೂಢಿ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಮಾವ ಅವನಿಗೆ ಬೆನ್ನು ಮಾಡಿ ಕೂತು ದೀಪಕ್ಕೆ ಎಣ್ಣೆ ಹಾಕುತ್ತಿದ್ದ.

"ಮಾವಾ."

ಎಣ್ಣೆಯ ಧಾರೆ ನಿಲ್ಲಲಿಲ್ಲ. "ಗಂಟಿ ಪೂಜಿಗೆ ಕುಂತೈತ್ರಿ ಸಾರ್," ಎಂದ ಮಾವ ತಿರುಗದೆ. "ನಾಳೆ ಬನ್ನಿ ಆಗೋತನಕ ನನ್ನ ಯಾರೂ ಕರಿಯಂಗಿಲ್ಲ. ಅದಕ್ಕ ಇಟ್ಟೀನಿ ಅದನ್ನ."

"ನೀನು ನನ್ನ ಕಾಲು ಮುಟ್ಟಬಾರದು ಅಂತ ಹಿಂದ ಸರಿದೆ ಮಾವಾ. ಬ್ಯಾರೆ ಏನೂ ಅಲ್ಲ."

"ನನಗ ಗೊತ್ತಾತು. ಅಲ್ಲಿದ್ದೋರಿಗೆ ಬ್ಯಾರೆ ಗೊತ್ತಾತು. ನಾ ದಿನಾ ಕೂಡೋದು ಅವರ ಜೋಡಿ." ಮಾವ ಬತ್ತಿಯನ್ನು ಬೆರಳಿನಿಂದ ಮುಂದಕ್ಕೆ ದೂಡಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡ. "ಮುಟ್ಟಿಸ್ಕೊಂಡಿದ್ರ ಎಲ್ಲಾರಂಗ ನಾನೂ ಒಬ್ಬ ನೌಕರ ಆಗ್ತಿದ್ದೆ. ಮನ್ಯಾಗ ನಿನ್ನ ಕರೆಸಿ ಕಾಲಿಗೆ ಬೀಳಿಸ್ಕೊಂಡು ಸರಿ ಮಾಡ್ಕೋತಿದ್ದೆ. ಇಲ್ಲಾ, ನೀನ ಬೀಳಬೇಕಿತ್ತು. ಎರಡೂ ಬಿಟ್ಟಿ."

ಸಾರ್ ಎನ್ನುವುದು ಯಾವಾಗ ಬಿದ್ದುಹೋಯಿತೋ ಓಬಳೇಶನಿಗೆ ತಿಳಿಯಲಿಲ್ಲ. ಅದರಿಂದ ಸಮಾಧಾನವಾಗುತ್ತದೆಂದು ಇಷ್ಟು ದಿನ ತಿಳಿದಿದ್ದ. "ಮೊದಲನೇ ದಿನ ಏಳಾಕ ಹೋಗಿದ್ದೆ ಮಾವಾ. ನೀನ ಕಣ್ಣಾಗ ಕುಂದ್ರು ಅಂದಿ."

ಮಾವ ಈಗ ತಿರುಗಿದ. ದೀಪ ಅವನ ಹಿಂದಿತ್ತು, ಮುಖ ಕಾಣಲಿಲ್ಲ. "ನಾ ಏನೂ ಅಂದಿಲ್ಲೋ. ನೀ ಏಳ್ತಿಯೇನೋ ಅಂತ ನೋಡ್ಕೋತ ನಿಂತಿದ್ದೆ."

ಗಾಳಿಗೆ ದೀಪ ಬಾಗಿತು. ಮಾವ ಕೈ ಅಡ್ಡ ಹಿಡಿದ. ಗಂಟೆಯ ಮೇಲಿನ ಬೆಳಕು ಹೋಗಿ ಮತ್ತೆ ಬಂತು.

"ನಾಳೆ ಮನಿಗೆ ಬರ್ತೀನಿ. ಬನ್ನಿ ಕೊಡಾಕ. ಅವ್ವ ಹೇಳ್ಯಾಳ."

"ಬ್ಯಾಡ. ಈಗ ಬಂದ್ರ ಇವತ್ತಿನದಕ್ಕ ತಪ್ಪೊಪ್ಪಿಗಿ ಮಾಡಾಕ ಬಂದಂಗ ಆಕ್ಕೈತಿ. ಹಂಗ ಬರೋನ ಕೈಲೆ ನಾ ಬನ್ನಿ ತಗೊಳ್ಳಂಗಿಲ್ಲ." ಎಣ್ಣೆಯ ಬಟ್ಟಲು ಬದಿಗಿಟ್ಟು, ಮೆತ್ತಗೆ, "ಅಕ್ಕಗ ಕೊಟ್ಟೆ ಅಂತ ಹೇಳು. ಆಕಿಗ್ಯಾಕ ಇದು. ನಾಡಿದ್ದು ಆಫೀಸಿನ್ಯಾಗ ಗಂಟಿ ಇಟ್ಟಿರ್ತೀನಿ. ಎಂದಿನಂಗ ಒತ್ತು" ಎಂದ. ಆಮೇಲೆ ದೀಪದ ಕಡೆ ತಿರುಗಿ ಕೂತ. ಓಬಳೇಶ ಹೊಸ್ತಿಲಿನ ಈಚೆಗೇ ಇದ್ದ. ಒಳಗೆ ಹೋಗಲು ಯಾರೂ ಬೇಡವೆಂದಿರಲಿಲ್ಲ.

ಬನ್ನಿಯ ಮರುದಿನ ಕಚೇರಿ ತೆರೆದಾಗ ಗಂಟೆ ತನ್ನ ಹಸಿರು ಗುರುತಿನ ಮೇಲೆ ಸರಿಯಾಗಿ ಕೂತಿತ್ತು. ಗುಂಡಿಯ ಸುತ್ತಲಿನ ಗೆರೆಯಲ್ಲಿ ಒಣಗಿದ ಕುಂಕುಮ ಉಳಿದಿತ್ತು. ಹಾಲಿನಲ್ಲಿ ಟೈಪ್‌ರೈಟರು ಶುರುವಾಗಿತ್ತು. ಶಿವಯೋಗಪ್ಪ ಯಾವುದೋ ಕಾಲುವೆಯ ಮಾತು ಹೇಳಿ ನಗಿಸುತ್ತಿದ್ದ. ಓಬಳೇಶ ಒಂದು ಫೈಲು ತೆರೆದ, ಮುಚ್ಚಿದ. ಬಾಯಾರಿಕೆ ನಿನ್ನೆ ಮೊನ್ನೆಯದೇ ಇರಬೇಕು, ಹಾಗೇ ಉಳಿದಿತ್ತು. ಒತ್ತದೆ ಇರಬಹುದಿತ್ತು. ಒತ್ತದಿದ್ದರೆ ಅದೂ ಒಂದು ಕಾಲು ಹಿಂದೆ ಸರಿಸಿದ ಹಾಗೆಯೇ. ಅಂಗೈ ಇಟ್ಟು ಒತ್ತಿದ. ತಿಕ್ಕಿದ ಹಿತ್ತಾಳೆಯ ಸದ್ದು ಹಿಂದೆಂದಿಗಿಂತ ಸ್ಪಷ್ಟವಾಗಿ, ಹಾಲಿನ ಆ ತುದಿಯ ತನಕ ಹೋಯಿತು. ಅಂಗೈಗೆ ಕುಂಕುಮ ಹತ್ತಿತು.

ಬೆಂಚು ಕಿರ್ ಎಂದಿತು. ಅರ್ಧಬಾಗಿಲು ತೆರೆಯಿತು. "ನೀರು ತಗೋರಿ ಸಾರ್."

ಓಬಳೇಶ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಜರುಗಿ ನೆಲ ಕೊರೆದ ಸದ್ದಿಗೆ ಹೊರಗೆ ಟೈಪ್‌ರೈಟರು ನಿಂತಿತು, ಶಿವಯೋಗಪ್ಪನ ಮಾತೂ ನಿಂತಿತು. ಬಾಗಿಲ ಮೇಲಿನ ಸಂದಿಯಲ್ಲಿ ವೀರಭದ್ರಯ್ಯನ ತಲೆ ಇತ್ತ ತಿರುಗಿದ್ದು ಕಂಡಿತು. ಮಾವ ತಟ್ಟೆ ಹಿಡಿದು ನಿಂತ, ಆ ಮೊದಲನೆಯ ದಿನದ ಹಾಗೆ ಅವನನ್ನೇ ನೋಡುತ್ತ. ಆ ಕಣ್ಣಿನಲ್ಲಿ ಕೂತಿರು ಎಂದಿದೆಯೋ ಇಲ್ಲವೋ ಎಂದು ಓಬಳೇಶ ಈ ಸಲ ಓದಲು ಹೋಗಲಿಲ್ಲ. ಅವರ ಮನೆಯಲ್ಲಿ ಹಿರಿಯರು ಕೂರುವ ತನಕ ಚಿಕ್ಕವರು ಕೂರುವ ಪದ್ಧತಿಯಿಲ್ಲ. ಅದೊಂದು ಮಾತ್ರ ಅವನ ಮೊಣಕಾಲಿಗೆ ಗೊತ್ತಿತ್ತು. ಮಾವ ಲೋಟವನ್ನು ಮೇಜಿನ ತುದಿಯಲ್ಲಿಟ್ಟು, ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊರಗೆ ಹೋದ. ಬಾಗಿಲು ಹಿಂದೆ ಮುಂದೆ ಆಡಿ ನಿಂತಿತು. ಓಬಳೇಶ ನಿಂತೇ ಇದ್ದ, ಮಾವ ಕೂರುವ ಬೆಂಚಿನ ಸದ್ದಿಗೆ ಕಿವಿಗೊಟ್ಟು. ಬಾಗಿಲ ಕೆಳಗಿನ ಸಂದಿಯಲ್ಲಿ ಮಾವನ ಎರಡು ಪಾದಗಳು ಬೆಂಚಿನ ಮುಂದೆ ನಿಂತಿರುವುದು ಕಾಣುತ್ತಿತ್ತು. ಬೆಂಚು ಇನ್ನೂ ಕಿರ್ ಎಂದಿರಲಿಲ್ಲ.